ಶನಿವಾರದ ಇಳಿತ ಹತ್ತು ಗಂಟೆಗೆ

"ಶನಿವಾರ ಆಗಲ್ಲ," ಅಂದ ಸಾಖುಮ್ಜಿ.

ಹುಟ್ಟನ್ನು ಮರಳಿಗೆ ಊರಿ, ಅದಕ್ಕೆ ಒರಗಿ ನಿಂತು, ಲಿಂಡೆಲ್ವಾಳ ಮುಖವೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ನೋಡುತ್ತಿದ್ದ. ಅಳಿವೆಯ ಮೇಲೆ ಹಾರುತ್ತಿದ್ದ ಹಕ್ಕಿ ನೋಡಿದ, ದೋಣಿಯ ತಳ ನೋಡಿದ, ಕೊನೆಗೆ ತನ್ನದೇ ಹೆಬ್ಬೆರಳು ನೋಡಿದ.

"ಯಾಕಾಗಲ್ಲ?"

"ಇಳಿತ ಸರಿಯಾಗಿ ಬೀಳಲ್ಲ. ಶನಿವಾರ ನೀರು ಇಳಿಯೋದೇ ಮಧ್ಯಾಹ್ನ ಮೂರಕ್ಕೆ. ಆಚೆ ಹಳ್ಳ ಹಾಯೋ ಹೊತ್ತಿಗೆ ಕತ್ತಲಾಗುತ್ತೆ."

ಲಿಂಡೆಲ್ವಾಗೆ ಮೈಯೆಲ್ಲ ಉರಿದುಹೋಯಿತು. ಶನಿವಾರ ಹುಣ್ಣಿಮೆ. ಹುಣ್ಣಿಮೆಗೆ ಈ ಕರಾವಳಿಯಲ್ಲಿ ಬೆಳಿಗ್ಗೆ ಹತ್ತಕ್ಕೆ ಇಳಿತ. ಬಂಡೆಯ ಮೇಲೆ ಪಚ್ಚಿಲೆ ಚಿಪ್ಪು ಕೀಳುವ ಹೆಂಗಸರು ಗಡಿಯಾರ ನೋಡದೆ ಹೇಳುವ ಮಾತು ಅದು. ಮೀನಿನ ದೋಣಿಗಳಲ್ಲಿ ಜೀವ ಸವೆಸಿದ ಅಪ್ಪ ಅವಳಿಗೆ ಅಕ್ಷರಕ್ಕಿಂತ ಮೊದಲು ಕಲಿಸಿದ್ದು ಅದನ್ನೇ. ಅಂಥವಳ ಎದುರು ನಿಂತು, ಅದೂ ದೋಣಿ ನಡೆಸುವ ಮನುಷ್ಯ, ಕಡಲಿನ ವಿಷಯದಲ್ಲಿ ಕಾಗೆ ಹಾರಿಸುತ್ತಿದ್ದಾನೆ!

"ಮೂರಕ್ಕಾ? ಯಾವ ಸಮುದ್ರದಲ್ಲಪ್ಪಾ?"

"ಅಂದ್ರೆ... ದೋಣಿಗೂ ಟಾರು ಬಳೀಬೇಕಿತ್ತು."

"ಹೋದ ತಿಂಗಳು ಬಳಿದ್ಯಲ್ಲ, ಆಗ ಡಬ್ಬಿ ಹಿಡ್ಕೊಂಡು ನಿಂತಿದ್ದು ಯಾರು? ನಿಮ್ಮಜ್ಜೀನಾ?"

ಅವನ ತುಟಿಯ ಮೂಲೆಯಲ್ಲಿ ನಗು ಮೂಡಿ, ಅಲ್ಲೇ ಸತ್ತುಹೋಯಿತು. ಒಂದೇ ಒಂದು ಕ್ಷಣ ಕಣ್ಣೆತ್ತಿ ಅವಳನ್ನು ನೋಡಿದ. ಆಮೇಲೆ ಮತ್ತೆ ಹೆಬ್ಬೆರಳು.

"ಮುಂದಿನ ಹುಣ್ಣಿಮೆಗೆ ಇಟ್ಕೋ ಲಿಂಡೆಲ್ವಾ. ನಾನೇ ನಿಮ್ಮ ಪಾತ್ರೆ ಪಗಡ ಎಲ್ಲ ಹೊತ್ಕೊಂಡು ಬರ್ತೀನಿ."

"ನೀನೂ ಬೇಡ, ನಿನ್ನ ದೋಣಿನೂ ಬೇಡ," ಅಂದು ಅವಳು ತಿರುಗಿ ನಡೆದಳು. ಹಿಂದೆ ತಿರುಗಿ ನೋಡಬಾರದು ಅಂತ ಹಠ ಹಿಡಿದಿದ್ದಳು. ದಿಬ್ಬ ಹತ್ತಿದ ಮೇಲೆ ನೋಡಿದಳು. ಅವನು ಹುಟ್ಟಿಗೆ ತಲೆ ಕೊಟ್ಟು ನಿಂತಿದ್ದ.

ಕೋಪಕ್ಕೆ ಕಾರಣ ಒಂದಲ್ಲ. ಶನಿವಾರ ಹೋಗಬೇಕಾಗಿದ್ದು ದೀಪಸ್ತಂಭಕ್ಕೆ. ಅವಳ ಊರು ಎಲ್ವಾಂಡ್ಲೆಯ ಹೆಂಗಸರಿಗೆ ಅದು ಹುಟ್ಟಿದಾಗಿನಿಂದ ಗೊತ್ತು. ಸಂಜೆಯಾದರೆ ದೂರದ ಭೂಶಿರದಿಂದ ಅದರ ಬೆಳಕು ಬಂದು ಅಡುಗೆಮನೆಯ ಗೋಡೆ ಸವರಿ ಹೋಗುತ್ತದೆ. ಆದರೆ ಅವಳನ್ನು ಬಿಟ್ಟರೆ ಅದರ ಬುಡ ಕಂಡವರು ಒಬ್ಬರೂ ಇಲ್ಲ. ಗಂಡಸರು ಹೋಗಿದ್ದಾರೆ, ಬಣ್ಣ ಬಳಿಯಲು, ಬ್ಯಾಟರಿ ಹೊರಲು. ಜೋಹಾನ್ಸ್‌ಬರ್ಗ್‌ನಿಂದ ಬಂದವರು ಹೋಗಿದ್ದಾರೆ, ಜರ್ಮನಿಯವರು ಹೋಗಿದ್ದಾರೆ. ಅವರನ್ನೆಲ್ಲ ಕರೆದುಕೊಂಡು ಹೋದವಳು ಈ ಲಿಂಡೆಲ್ವಾಳೇ, ದಾರಿ ತೋರಿಸುವುದೇ ಅವಳ ಕೆಲಸ. ಊರಿನ ಹೆಂಗಸರು ಮಾತ್ರ ಹೋಗಿಲ್ಲ, ಯಾಕೆಂದರೆ ಹದಿನೆಂಟು ಕಿಲೋಮೀಟರು ನಡೆದು ಅದೇ ದಿನ ಮರಳಲು ಆಗುವುದಿಲ್ಲ, ರಾತ್ರಿ ಮನೆ ಬಿಟ್ಟು ಉಳಿಯುವುದು ಅವರಿಗೆ ಗೊತ್ತಿಲ್ಲ.

"ನಲವತ್ತು ವರ್ಷದಿಂದ ಅದು ಕೇಳದೆ ಕರೀದೆ ನಮ್ಮ ಮನೆಗೆ ಬರ್ತಿದೆ. ಒಂದ್ಸಲನಾದ್ರೂ ನಾವು ಅದರ ಮನೆಗೆ ಹೋಗೋದು ಬೇಡವಾ?" ಅಂತ ಪಕ್ಕದ ಮನೆಯ ಮಾಟೋಲೊ ಒಂದು ಸಂಜೆ ಅಂದಿದ್ದಳು. ಆ ಮಾತು ಲಿಂಡೆಲ್ವಾಳ ತಲೆಯಲ್ಲಿ ಕೂತುಬಿಟ್ಟಿತು. ಆರು ಹೆಂಗಸರನ್ನು ಒಪ್ಪಿಸಿದಳು. ದೀಪಸ್ತಂಭದ ಕಾವಲುಗಾರನಿಗೆ ಫೋನು ಮಾಡಿ ಹಳೆಯ ಉಗ್ರಾಣ ಬಿಡಿಸಿಕೊಂಡಳು. ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದಳು: ಏಳಕ್ಕೆ ದೋಣಿ, ಹತ್ತಕ್ಕೆ ಹಳ್ಳ, ಒಂದು ಗಂಟೆಗೆ ಬಂಡೆಯ ನೆರಳಲ್ಲಿ ಊಟ, ನಾಲ್ಕಕ್ಕೆ ದೀಪಸ್ತಂಭ. ಕಬ್ಬಿಣದ ಪಾತ್ರೆ ಯಾರು ಹೊರಬೇಕು, ಕುಟ್ಟಿದ ಜೋಳ ಯಾರು ನೆನೆಹಾಕಬೇಕು, ಯಾರ ಮೊಣಕಾಲಿಗೆ ಎಲ್ಲೆಲ್ಲಿ ವಿಶ್ರಾಂತಿ, ಒಂದೂ ಬಿಟ್ಟಿರಲಿಲ್ಲ.

ಇನ್ನೊಂದು ಕಾರಣವನ್ನು ಅವಳು ನೋಟ್‌ಬುಕ್ಕಿನಲ್ಲಿ ಬರೆದಿರಲಿಲ್ಲ. ಸಾಖುಮ್ಜಿ ಒಳನಾಡಿನವನು. ಮೂರು ವರ್ಷದ ಕೆಳಗೆ ಬಂದು ಅಳಿವೆಯ ಆಚೆ ದಡದಲ್ಲಿ ಗುಡಿಸಲು ಹಾಕಿಕೊಂಡು ದೋಣಿ ನಡೆಸುತ್ತಿದ್ದ. ಅವಳ ಗುಂಪುಗಳನ್ನೆಲ್ಲ ದಾಟಿಸುವವನು ಅವನೇ. ದೋಣಿ ಹತ್ತುವವರ ಕೈಯನ್ನು ಹಿಡಿದು, ಎಳೆದು ಒಳಗೆ ಹಾಕಿಕೊಳ್ಳುವುದು ಅವನ ಪದ್ಧತಿ. ಲಿಂಡೆಲ್ವಾಳ ಸರದಿ ಬಂದಾಗ ಮಾತ್ರ ಕೈ ಚಾಚಿ, "ಹಿಡೀಲಾ?" ಅಂತ ಕೇಳುತ್ತಿದ್ದ. ಮೂರು ವರ್ಷದಲ್ಲಿ ಒಂದು ಸಲವೂ ತಪ್ಪಿಸಿಲ್ಲ. ಕೈ ಕೊಟ್ಟ ಮೇಲೆ ಬೇಕಾದದ್ದಕ್ಕಿಂತ ಅರೆಗಳಿಗೆ ಹೆಚ್ಚು ಹೊತ್ತು ಹಿಡಿದಿರುತ್ತಿದ್ದ, ಅವಳೂ ಬಿಡಿಸಿಕೊಳ್ಳುತ್ತಿರಲಿಲ್ಲ. ಅಷ್ಟೇ ನಡೆದಿದ್ದು. ಆದರೆ ಆ ಅಷ್ಟಕ್ಕೇ ಅವಳು ಎಷ್ಟೋ ದಿನ ಬೆಳಿಗ್ಗೆ ಹಾಡಿಕೊಂಡು ಎದ್ದಿದ್ದಾಳೆ. ಅಂಥವನು ಸುಳ್ಳು ಹೇಳಿದ.

ಮಾರನೆಯ ದಿನದಿಂದ ಹೆಂಗಸರು ಒಬ್ಬೊಬ್ಬರಾಗಿ ಕೈಕೊಟ್ಟರು. ಒಬ್ಬಳ ಕೋಳಿ ಕಾವಿಗೆ ಕೂತಿತು. ಇನ್ನೊಬ್ಬಳ ಮಗಳು ಊರಿಂದ ಬರುವವಳಿದ್ದಳು. ಮಾಟೋಲೊಗೆ ಇದ್ದಕ್ಕಿದ್ದ ಹಾಗೆ ಮೊಣಕಾಲು ನೋವು ಬಂತು. ಹಾಗಂತ ಹೇಳಿದವಳು ತಲೆಯ ಮೇಲೆ ಇಪ್ಪತ್ತು ಲೀಟರು ನೀರು ಹೊತ್ತುಕೊಂಡು ದಿಬ್ಬ ಹತ್ತುತ್ತಿದ್ದಳು.

"ಮಾಟೋಲೊ, ಈ ಮಾತು ಶುರು ಮಾಡಿದ್ದೇ ನೀವು!"

"ಹೌದು ಮಗಳೇ, ಆದ್ರೆ ಈ ಕಾಲು ಕೇಳ್ಬೇಕಲ್ಲ," ಅಂದು ಮಾಟೋಲೊ ನಗು ತಡೆಯಲು ಕೆಮ್ಮಿದಳು.

ಇದರಲ್ಲಿ ನಗುವಂಥದ್ದು ಏನಿದೆ? ಲಿಂಡೆಲ್ವಾ ಮನೆಗೆ ಬಂದರೆ ಅಮ್ಮ ಗೋಡೆಗೆ ಹೊಸ ಸುಣ್ಣ ಹಚ್ಚುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಮನೆಗೆ ಹಿರಿಯರಾದ ದೊಡ್ಡಪ್ಪ ದೊಡ್ಡಿ ಬೇಲಿಯ ಮುರಿದ ಗೂಟ ಸರಿಮಾಡುತ್ತಿದ್ದರು.

"ಶನಿವಾರ ಮನೇಲಿರು," ಅಂದರು ದೊಡ್ಡಪ್ಪ ತಲೆ ಎತ್ತದೆ.

"ಯಾಕೆ ದೊಡ್ಡಪ್ಪ?"

"ಇರು ಅಂದ್ರೆ ಇರು. ನಿನ್ನ ದೀಪ ಎಲ್ಲಿಗೂ ಓಡಿಹೋಗಲ್ಲ."

"ಅಮ್ಮಾ, ನೀನೂ ಬರಲ್ವಾ?"

ಅಮ್ಮ ಸುಣ್ಣದ ಕುಂಚವನ್ನು ಡಬ್ಬಿಯಲ್ಲಿ ಅದ್ದಿ ಅದ್ದಿ ತೆಗೆದಳು. "ಮುಂದಿನ ಹುಣ್ಣಿಮೆಗೆ ಹೋಗೋಣ ಬಿಡೇ."

ಅದೇ ಮಾತು! ಎಲ್ಲರೂ ಸೇರಿ ಒಂದೇ ಪಾಠ ಬಾಯಿಪಾಠ ಮಾಡಿದ್ದಾರೆ. ಗಂಡಸರಿಗೆ ಹೊಟ್ಟೆಕಿಚ್ಚು, ಹೆಂಗಸರಿಗೆ ಪುಕ್ಕಲು ಅಂತ ಲಿಂಡೆಲ್ವಾ ತೀರ್ಮಾನಿಸಿದಳು. ಅಂದು ಸಂಜೆ ನೋಟ್‌ಬುಕ್ಕು ತೆಗೆದು ಮೊದಲ ಸಾಲಿನ 'ಏಳಕ್ಕೆ ದೋಣಿ' ಅನ್ನುವುದನ್ನು ಪೆನ್ಸಿಲ್ಲು ಮುರಿಯುವ ಹಾಗೆ ಹೊಡೆದುಹಾಕಿದಳು. ಅಳಿವೆಯಿಂದ ಮೇಲಕ್ಕೆ ಅರ್ಧ ಗಂಟೆ ನಡೆದರೆ ನದಿ ಅಗಲವಾಗಿ ಹರಡಿಕೊಳ್ಳುವ ಜಾಗವಿದೆ. ದೊಡ್ಡ ಇಳಿತದ ದಿನ ಅಲ್ಲಿ ತೊಡೆಯುದ್ದ ನೀರು, ಅಪ್ಪ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ದಾಟಿದ್ದ ಜಾಗ. ದೋಣಿಯ ಹಂಗಿಲ್ಲ. ಅಲ್ಲಿ ಹಾಯಲು ಒಂಬತ್ತಾಗುತ್ತದೆ, ಆಚೆ ಹಳ್ಳಕ್ಕೆ ಹೊತ್ತು ಮೀರಿದರೆ ಅಂದು ಆಚೆ ದಡದಲ್ಲೇ ಉಳಿದು ಭಾನುವಾರ ಮುಂದುವರಿಯುವುದು. ಯಾರೂ ಬರದಿದ್ದರೆ ಒಬ್ಬಳೇ. ಆ ದೀಪದ ಬುಡದಲ್ಲಿ ನಿಂತು ಊರಿನವರಿಗೆಲ್ಲ ಒಂದು ಫೋಟೋ ಕಳಿಸುತ್ತೇನೆ, ಹೊಟ್ಟೆ ಉರಿದುಕೊಳ್ಳಲಿ.

ಶನಿವಾರ ಬೆಳಿಗ್ಗೆ ಅಮ್ಮ ನೀರಿಗೆ ಹೋದ ಹೊತ್ತು ನೋಡಿ ಅವಳು ಚೀಲ ಬೆನ್ನಿಗೇರಿಸಿ ಹೊರಟಳು. ನದಿ ಅವಳು ಹೇಳಿದ ಹಾಗೆಯೇ ಇಳಿಯುತ್ತಿತ್ತು. ದಡದಗುಂಟ ಮೇಲಕ್ಕೆ ನಡೆಯುತ್ತ ತಿರುವು ದಾಟಿದಳೋ ಇಲ್ಲವೋ, ನಿಂತುಬಿಟ್ಟಳು.

ನದಿಯ ನಡುವಿನ ಮರಳ ದಿಬ್ಬದ ಮೇಲೆ ಒಂದು ದೋಣಿ ಓರೆಯಾಗಿ ಕೂತಿತ್ತು. ದೋಣಿಯಲ್ಲಿ ಮೂವರು ಮುದುಕರು. ಮೂವರಿಗೂ ಕೋಟು, ಟೋಪಿ, ಕೈಯಲ್ಲಿ ಊರುಗೋಲು. ನಡುವಿನವರ ತೊಡೆಯ ಮೇಲೆ ಪತ್ರಿಕೆಯಲ್ಲಿ ಸುತ್ತಿದ ಬಾಟಲಿ, ಮಗುವಿನ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದರು. ಸುತ್ತ ನೀರು ಇಳಿಯುತ್ತಿದೆ, ಅವರು ಮಾತ್ರ ಚರ್ಚಿನಲ್ಲಿ ಕೂತ ಹಾಗೆ ನೆಟ್ಟಗೆ ಕೂತಿದ್ದಾರೆ.

"ಅಜ್ಜಾ, ಅಲ್ಲೇನು ಮಾಡ್ತಿದ್ದೀರಿ?" ಅಂತ ಕೂಗಿದಳು.

"ಕಾಣ್ತಿಲ್ವಾ? ದೋಣಿ ನಡೆಸ್ತಿದ್ದೀವಿ!" ಅಂದರು ಬಾಟಲಿಯವರು.

"ನಾನು ಹೇಳ್ದೆ, ಹುಡುಗನೇ ನಡೆಸ್ಲಿ ಅಂತ," ಅಂದರು ಎಡಗಡೆಯವರು. "ಇಲ್ಲ, ನಾನು ಚಿಕ್ಕಂದಿನಲ್ಲೇ ದೋಣಿ ಬಿಟ್ಟವನು ಅಂದ್ಯಲ್ಲ ವೆಲಿಲೆ, ಈಗ ನೋಡು, ಹೊಳೆ ನೋಡೋಕೆ ಬಂದ ಹಾಗಾಯ್ತು."

ಲಿಂಡೆಲ್ವಾ ಚೀಲ ಕೆಳಗಿಟ್ಟು, ಲಂಗ ಎತ್ತಿ ಕಟ್ಟಿ ನೀರಿಗಿಳಿದಳು. ಕೋಟು, ಟೋಪಿ, ಬಾಟಲಿ: ಇವರು ಹೆಣ್ಣು ಕೇಳಲು ಹೊರಟವರು ಅಂತ ಯಾರು ಬೇಕಾದರೂ ಹೇಳಬಹುದು. ಆ ಬಾಟಲಿ ಹೆಣ್ಣಿನ ಮನೆಯವರ ಬಾಯಿ ತೆರೆಸುವುದಕ್ಕೆ. ಹತ್ತಿರ ಹೋದ ಮೇಲೆ ಗೊತ್ತಾಯಿತು, ದೋಣಿ ಸಾಖುಮ್ಜಿಯದು. ತಗಡಿನ ತೇಪೆ ಹಾಕಿದ ಹುಟ್ಟು ಅಲ್ಲೇ ಬಿದ್ದಿತ್ತು. ಆಮೇಲೆ ಬಾಟಲಿ ಹಿಡಿದ ವೆಲಿಲೆ ಅಜ್ಜನ ಮುಖ ನೋಡಿದಳು. ಅದೇ ಅಗಲ ಹಣೆ, ಹೊರಗೆ ಚಾಚಿದ ಅದೇ ಕಿವಿಗಳು.

ಲಿಂಡೆಲ್ವಾ ದೋಣಿಯ ಅಂಚು ಹಿಡಿದುಕೊಂಡಳು.

"ಸಾಖುಮ್ಜಿ ನಿಮಗೇನಾಗ್ಬೇಕು ಅಜ್ಜಾ?"

"ತಮ್ಮನ ಮಗ," ಅಂದವರು ನಾಲಗೆ ಕಚ್ಚಿಕೊಂಡರು. "ನೀನ್ಯಾಕೆ ಕೇಳ್ತೀಯ?"

"ಸುಮ್ನೆ. ಯಾರ ಮನೆಗೆ ಹೊರಟಿದ್ದೀರಿ?"

"ಅದನ್ನ ಆ ಮನೆ ದನದ ದೊಡ್ಡಿ ಮುಂದೆ ನಿಂತು ಹೇಳೋದು ಪದ್ಧತಿ, ಹೊಳೆ ಮಧ್ಯ ಹೇಳೋದಲ್ಲ. ಎಲ್ವಾಂಡ್ಲೆಗೆ. ಅಷ್ಟು ಸಾಕು."

ಎಲ್ವಾಂಡ್ಲೆಯಲ್ಲಿ ಮದುವೆಗೆ ಬಂದ ಹುಡುಗಿಯರು ಇಬ್ಬರು. ಒಬ್ಬಳು ತಾನು, ತನ್ನನ್ನು ಯಾರೂ ಏನೂ ಕೇಳಿಲ್ಲ. ಇನ್ನೊಬ್ಬಳು ಮಾಟೋಲೊಳ ಮಗಳು ನೊಸೀಸಾ, ನಕ್ಕರೆ ಕೆನ್ನೆಯಲ್ಲಿ ಗುಳಿ ಬೀಳುವವಳು. ಅಂದಮೇಲೆ ಇದಕ್ಕೇ ಮಾಟೋಲೊಳ ಮೊಣಕಾಲು ನೋವು! ಇದಕ್ಕೇ ಆ ಕೆಮ್ಮು! ಇದಕ್ಕೇ ದೋಣಿ ಇಲ್ಲ, ಇಳಿತ ಮೂರಕ್ಕೆ! ನೊಸೀಸಾಳನ್ನು ಮದುವೆಯಾಗುತ್ತೇನೆ ಅಂತ ಬಾಯಿಬಿಟ್ಟು ಹೇಳಿದ್ದರೆ ನಾನೇನು ಅವನ ದೋಣಿ ಮುಳುಗಿಸುತ್ತಿದ್ದೆನೇ? ಮೂರು ವರ್ಷ 'ಹಿಡೀಲಾ, ಹಿಡೀಲಾ' ಅಂತ ಕೈ ಹಿಡಿದಿದ್ದು ಯಾವ ಸಂಭ್ರಮಕ್ಕೆ?

ಕಣ್ಣು ಉರಿಯಿತು. ಮುದುಕರನ್ನು ಅಲ್ಲೇ ಬಿಟ್ಟು ಹೋಗಿಬಿಡಬೇಕು ಅನ್ನಿಸಿತು. ಆದರೆ ಉಬ್ಬರ ತಿರುಗಿದರೆ ನೀರು ಯಾರ ಕೋಟನ್ನೂ ನೋಡುವುದಿಲ್ಲ, ಬಿಟ್ಟು ಹೋಗುವುದು ಹೇಗೆ?

"ಬೂಟು ಬಿಚ್ಚಿ," ಅಂದಳು ಗಡುಸಾಗಿ. "ಪ್ಯಾಂಟು ಮೇಲೆ ಮಡಚಿ. ನನ್ನ ಹಿಂದೆ, ನಾನು ಕಾಲಿಟ್ಟಲ್ಲೇ ಕಾಲಿಡ್ಬೇಕು."

"ಏನು ಜೋರು ಹುಡುಗಿನಪ್ಪಾ," ಅಂದರು ವೆಲಿಲೆ ಅಜ್ಜ. ಅಂದರೂ ಬಿಚ್ಚಿದರು.

ಒಬ್ಬೊಬ್ಬರನ್ನೇ ಕೈ ಹಿಡಿದು ದಾಟಿಸಿದಳು. ಅಜ್ಜ ಟೋಪಿಯ ಮೇಲೆ ಬೂಟು ಹೊತ್ತು, ಬಾಟಲಿಯನ್ನು ತಲೆಗಿಂತ ಎತ್ತರಕ್ಕೆ ಹಿಡಿದು ಬಂದರು. ಅಪ್ಪ ತೋರಿಸಿದ ಜಾಗ ಒಂದಿಂಚೂ ಬದಲಾಗಿರಲಿಲ್ಲ. ತನ್ನ ಹುಡುಗನ ಕಡೆಯವರನ್ನು ಇನ್ನೊಬ್ಬಳ ಮನೆಗೆ ತಾನೇ ಮುಂದೆ ನಿಂತು ಕರೆದುಕೊಂಡು ಹೋಗುವ ಭಾಗ್ಯ ಲೋಕದಲ್ಲಿ ಯಾರಿಗಿದೆ ಅಂತ ದಾರಿಯುದ್ದಕ್ಕೂ ಒಳಗೊಳಗೇ ಬೈದುಕೊಂಡಳು. ಬೈಗುಳ ಮುಗಿದಾಗಲೆಲ್ಲ ಅಳು ಬರುತ್ತಿತ್ತು. ಅದಕ್ಕೆ ಬೈಗುಳ ಮುಗಿಯದ ಹಾಗೆ ನೋಡಿಕೊಂಡಳು.

ಊರಿನ ದಿಬ್ಬದ ಮೇಲೆ ನಿಂತು ಕೈ ತೋರಿಸಿದಳು. "ಅಗೋ, ಹಸಿರು ಬಾಗಿಲಿನ ದುಂಡು ಮನೆ. ಅದೇ ನಿಮಗೆ ಬೇಕಾದ ಮನೆ. ನಾನು ಬರ್ತೀನಿ ಅಜ್ಜಾ."

ವೆಲಿಲೆ ಅಜ್ಜ ಕಣ್ಣು ಕಿರಿದು ಮಾಡಿ ನೋಡಿದರು. "ಹಸಿರು ಅಲ್ಲ. ಹೊಸ ಸುಣ್ಣದ ಮನೆ ಅಂತ ಪತ್ರ ಬಂದಿತ್ತು. ದೊಡ್ಡಿ ಬೇಲಿಗೆ ಹೊಸ ಗೂಟ ಹಾಕಿರ್ತಾರಂತೆ. ಮೀನು ದೋಣೀಲಿ ದುಡೀತಿದ್ದವರ ಮನೆ. ಗೈಡ್ ಕೆಲಸ ಮಾಡೋ ಹುಡುಗಿ ಇದ್ದಾಳಲ್ಲ, ಅವರ ಮನೆ."

ಲಿಂಡೆಲ್ವಾ ಚಾಚಿದ್ದ ಕೈ ಇಳಿಸಿದಳು. ಅಜ್ಜನ ಕಣ್ಣು ಅವಳ ಬೆನ್ನಿನ ಚೀಲದ ಮೇಲೆ, ಒದ್ದೆ ಲಂಗದ ಮೇಲೆ, ಚೀಲದಿಂದ ಇಣುಕುತ್ತಿದ್ದ ನೋಟ್‌ಬುಕ್ಕಿನ ಮೇಲೆ ಹರಿದಾಡಿತು. ನಿಧಾನವಾಗಿ ಟೋಪಿ ತೆಗೆದರು.

"ಅಯ್ಯೋ ದೇವರೇ," ಅಂದರು.

ಮೊದಲು ಬಂದಿದ್ದು ಸಂತೋಷವೇ. ನಗಬೇಕೋ ಅಳಬೇಕೋ ತಿಳಿಯದ ಸಂತೋಷ. ಅದು ಹತ್ತು ಹೆಜ್ಜೆ ಬಾಳಿತು. ಹನ್ನೊಂದನೆಯ ಹೆಜ್ಜೆಗೆ ಕೋಪ ಬಂತು, ಅದರ ಮುಂದೆ ಅದುವರೆಗಿನ ಕೋಪವೆಲ್ಲ ಆಟ. ಊರಿಗೆಲ್ಲ ಗೊತ್ತು. ಅಮ್ಮನಿಗೆ ಗೊತ್ತು, ದೊಡ್ಡಪ್ಪನಿಗೆ ಗೊತ್ತು, ಮಾಟೋಲೊಗೆ ಗೊತ್ತು, ಬೇಲಿಯ ಗೂಟಕ್ಕೂ ಗೊತ್ತು. ಮದುವೆಯಾಗಬೇಕಾದವಳಿಗೆ ಮಾತ್ರ ಗೊತ್ತಿಲ್ಲ!

ಒಂದು ಗಂಟೆಯ ಹೊತ್ತಿಗೆ ಅವಳನ್ನು ಒಳಗೆ ಕರೆದರು. ಅಮ್ಮ ತಲೆಗೆ ಬಟ್ಟೆ ಕಟ್ಟಿ, ಹೆಗಲಿಗೆ ಶಾಲು ಹೊದಿಸಿ, "ಕೋಪ ಮಾಡ್ಕೋಬೇಡ್ವೇ, ನಿನಗೆ ಅವನು ಇಷ್ಟ ಅಂತ ನಮಗೆ ಗೊತ್ತಿರ್ಲಿಲ್ವಾ?" ಅಂತ ಪಿಸುಗುಟ್ಟಿದಳು.

"ನನಗೆ ಇಷ್ಟ ಅಂತ ನಿಮಗೆ ಗೊತ್ತು. ಅದನ್ನ ನನ್ನ ಹತ್ರ ಒಂದ್ಮಾತು ಕೇಳೋದು ಯಾರಿಗೂ ಗೊತ್ತಿಲ್ಲ," ಅಂದಳು ಲಿಂಡೆಲ್ವಾ.

ಒಳಗೆ ಮೂವರು ಮುದುಕರು ಬೆಂಚಿನ ಮೇಲೆ ಕೂತಿದ್ದರು. ಪ್ಯಾಂಟು ಇನ್ನೂ ಒದ್ದೆ. ಪತ್ರಿಕೆ ಬಿಚ್ಚಿದ ಬಾಟಲಿ ಮೇಜಿನ ಮೇಲಿತ್ತು. ಅವಳು ಚಾಪೆಯ ಮೇಲೆ ಮಂಡಿಯೂರಿ ಕೂತಳು. ಇಂಥ ದಿನ ಹುಡುಗಿಯನ್ನು ಕೇಳುವುದು ಒಂದೇ ಪ್ರಶ್ನೆ, ಬಂದವರು ನಿನಗೆ ಗೊತ್ತಾ ಅಂತ. ಗೊತ್ತು ಅಂದರೆ ಮಾತು ಮುಂದೆ ಹೋಗುತ್ತದೆ, ಗೊತ್ತಿಲ್ಲ ಅಂದರೆ ಬಂದವರು ಟೋಪಿ ಎತ್ತಿಕೊಂಡು ಎದ್ದು ಹೋಗಬೇಕು. ಒಮ್ಮೆ ಹಾಗೆ ಎದ್ದು ಹೋದವರು ಮತ್ತೆ ಆ ಅಂಗಳಕ್ಕೆ ಕಾಲಿಡುವುದಿಲ್ಲ.

ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು. "ಮಗಳೇ, ಈ ಜನ ನಿನಗೆ ಗೊತ್ತಾ?"

ಲಿಂಡೆಲ್ವಾ ತಲೆ ಬಗ್ಗಿಸಲಿಲ್ಲ.

"ಈ ಮೂವರು ಗೊತ್ತು ದೊಡ್ಡಪ್ಪ. ಬೆಳಿಗ್ಗೆ ನಾನೇ ಹೊಳೆ ದಾಟಿಸಿದ್ದು." ಒಬ್ಬ ಮುದುಕ ನಕ್ಕ. ಅವಳು ನಗಲಿಲ್ಲ. "ಆದ್ರೆ ಇವರನ್ನ ಕಳಿಸಿದವನು ಯಾರು ಅಂತ ನನಗೆ ಗೊತ್ತಿಲ್ಲ. ನನಗೆ ಗೊತ್ತಿರೋ ಸಾಖುಮ್ಜಿ ದೋಣಿ ಹತ್ತುವಾಗ ನನ್ನ ಕೈ ಹಿಡಿಯೋಕೂ ಹಿಡೀಲಾ ಅಂತ ಕೇಳ್ತಾನೆ. ಕೈಗೇ ಕೇಳೋನು ಜೀವನಕ್ಕೆ ಕೇಳದೇ ಇರ್ತಾನಾ? ಇವರನ್ನ ಕಳಿಸಿದವನು ಬೇರೆ ಯಾರೋ ಇರ್ಬೇಕು."

ದೊಡ್ಡಪ್ಪನ ಮುಖ ಕೆಂಪಾಯಿತು. "ಏನು ಮಾತು ಅಂತ ಆಡ್ತೀಯ, ಹಿರಿಯರ ಎದುರಿಗೆ..."

"ತಡೀರಿ," ಅಂದರು ವೆಲಿಲೆ ಅಜ್ಜ. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದರು. "ಹುಡುಗಿ ಹೇಳಿದ್ದು ಸರಿ. ಅವನು ಕಳಿಸಿಲ್ಲ. ಹೋದ ತಿಂಗಳು ಊರಿಗೆ ಬಂದಿದ್ದ. 'ದೊಡ್ಡಪ್ಪಾ, ಒಬ್ಬಳು ಹುಡುಗಿ ಇದ್ದಾಳೆ, ಹೇಗೆ ಕೇಳೋದು ಅಂತ ಗೊತ್ತಾಗ್ತಿಲ್ಲ' ಅಂದ. ಬುದ್ಧಿ ಕೇಳೋಕೆ ಬಂದಿದ್ದ. ನಾನು ಬುದ್ಧಿ ಹೇಳೋ ಬದ್ಲು ಅವತ್ತೇ ಕೂತು ನಿಮಗೆ ಪತ್ರ ಬರೆದುಬಿಟ್ಟೆ. ಗೊತ್ತಾದ ಮೇಲೆ ಕಾಲು ಹಿಡ್ಕೊಂಡ, ವಾಪಸ್ ತಗೊಳ್ಳಿ, ಅವಳನ್ನ ಮೊದಲು ಕೇಳ್ಬೇಕು ಅಂದ. ಪತ್ರ ಹೋದ ಮೇಲೆ ವಾಪಸ್ ಬರಲ್ಲ, ಇನ್ನು ನೀನು ಬಾಯಿ ಮುಚ್ಕೊಂಡಿರ್ಬೇಕು, ಅದು ಪದ್ಧತಿ ಅಂತ ಗದರಿಸಿದೆ. ಇವತ್ತು ದೋಣೀಲೂ ನಮ್ಮ ಜೊತೆ ಇರಬೇಡ ಅಂತ ಗುಡಿಸಲಲ್ಲಿ ಕೂರಿಸಿ ಬಂದೆ. ನಾನೇ ದೋಣಿ ನಡೆಸ್ತೀನಿ ಅಂದೆ." ಒದ್ದೆ ಪ್ಯಾಂಟು ನೋಡಿಕೊಂಡು, "ಎರಡೂ ಕೆಟ್ಟ ಯೋಚನೆ," ಅಂದರು.

ಲಿಂಡೆಲ್ವಾಗೆ ಆ ದಿನ ಹುಟ್ಟಿಗೆ ತಲೆ ಕೊಟ್ಟು ನಿಂತಿದ್ದ ಅವನ ಬೆನ್ನು ನೆನಪಾಯಿತು. ಕೋಪ ಕರಗಲು ನೋಡಿತು. ಅವಳು ಬಿಡಲಿಲ್ಲ. ಅವನಿಗೆ ಬಾಯಿ ಇರಲಿಲ್ಲವೇ? ಇಳಿತ ಮೂರಕ್ಕೆ ಅಂತ ಸುಳ್ಳು ಹೇಳಲು ಇದ್ದ ಬಾಯಿ?

"ಹಾಗಾದ್ರೆ ಅವನೇ ಕೇಳ್ಲಿ," ಅಂದಳು. "ನಾಳೆ ಇಳಿತ ಹತ್ತೂ ಮುಕ್ಕಾಲಿಗೆ. ನಾನು ದೀಪಸ್ತಂಭಕ್ಕೆ ಹೊರಡ್ತೀನಿ. ಸೋಮವಾರ ಸಂಜೆ ಬರ್ತೀನಿ. ಆಮೇಲೆ ಇದೇ ಪ್ರಶ್ನೆ ಇನ್ನೊಂದ್ಸಲ ಕೇಳಿ ದೊಡ್ಡಪ್ಪ. ಅಲ್ಲಿವರೆಗೂ ಬಾಟಲಿ ಅಲ್ಲೇ ಇರ್ಲಿ."

ದೊಡ್ಡಪ್ಪ ಅಮ್ಮನ ಕಡೆ ನೋಡಿದರು. ಅಮ್ಮ ಇಷ್ಟು ದಿನ ಇಲ್ಲದ ಧೈರ್ಯ ತಂದುಕೊಂಡು, "ಬಂದವರಿಗೆ ಎರಡು ದಿನ ಊಟ ಹಾಕೋಕೆ ನಮಗೇನು ಬಡತನ ಇಲ್ಲ," ಅಂದಳು. "ಆದ್ರೆ ಅಡುಗೆ ನೀವೇ ನೋಡ್ಕೋಬೇಕು. ನಾನೂ ದೀಪ ನೋಡೋಕೆ ಹೋಗ್ತೀನಿ."

ಬಾಗಿಲ ಸಂದಿಯಿಂದ ಮಾಟೋಲೊಳ ಧ್ವನಿ ಬಂತು. "ನನ್ನ ಮೊಣಕಾಲು ಈಗ ಪರವಾಗಿಲ್ಲ!"

ಭಾನುವಾರ ಬೆಳಿಗ್ಗೆ ಏಳು ಹೆಂಗಸರು ಅಳಿವೆಗೆ ಬಂದಾಗ ದೋಣಿ ನೀರಿನಲ್ಲಿತ್ತು. ಸಾಖುಮ್ಜಿ ಮೊಳಕಾಲುದ್ದ ನೀರಲ್ಲಿ ನಿಂತಿದ್ದ. ರಾತ್ರಿಯೆಲ್ಲ ನಿದ್ದೆಗೆಟ್ಟ ಕಣ್ಣು. ಆರು ಜನರನ್ನು ಹತ್ತಿಸಿಕೊಂಡ. ಏಳನೆಯವಳ ಮುಂದೆ ಕೈ ಚಾಚಲು ಹೋಗಿ, ಹೆದರಿ ಹಿಂದಕ್ಕೆಳೆದುಕೊಂಡ.

"ಲಿಂಡೆಲ್ವಾ, ನಾನು..."

"ಮಾತಿಲ್ಲ," ಅಂದಳು. "ದೋಣಿ ದಾಟಿದ ಮೇಲೆ ಆ ಕಬ್ಬಿಣದ ಪಾತ್ರೆ ಹೊತ್ಕೋ. ಹೊತ್ಕೊಂಡು ಬರ್ತೀನಿ ಅಂತ ನೀನೇ ಅಂದಿದ್ದೆ."

ಹದಿನೆಂಟು ಕಿಲೋಮೀಟರು ಹೊತ್ತ. ಮರಳಿನಲ್ಲಿ ಹೊತ್ತ, ಹಳ್ಳದಲ್ಲಿ ತಲೆಯ ಮೇಲಿಟ್ಟು ಹೊತ್ತ, ಬಂಡೆಗಳ ಮೇಲೆ ಎಡವುತ್ತ ಹೊತ್ತ. ಹೆಂಗಸರು ಅವನ ಬೆನ್ನಿಗೆ ಬಿದ್ದರು. "ಅಳಿಯಂದ್ರೇ, ಇಳಿತ ಎಷ್ಟು ಗಂಟೆಗೆ?" ಅಂತ ಒಬ್ಬಳು ಕೇಳಿದರೆ, "ಮೂರಕ್ಕಂತೆ!" ಅಂತ ಉಳಿದವರು ಕೂಗುತ್ತಿದ್ದರು. ಅವನು ಬೆವರುತ್ತ, ನಗುತ್ತ, ಓರೆಗಣ್ಣಿನಲ್ಲಿ ಮುಂದೆ ನಡೆಯುತ್ತಿದ್ದವಳನ್ನು ನೋಡುತ್ತ ಬಂದ. ಅವಳು ತಿರುಗಿ ನೋಡಲಿಲ್ಲ. ಆದರೆ ಊಟದ ಹೊತ್ತಿಗೆ ರೊಟ್ಟಿಯ ದೊಡ್ಡ ತುಂಡು ಅವನ ಪಾಲಿಗೆ ಬಂತು. ಯಾರು ಕತ್ತರಿಸಿದ್ದು ಅಂತ ಅವನು ನೋಡಿಕೊಂಡ.

ಹೊತ್ತು ಮುಳುಗುವ ಮೊದಲು ದೀಪಸ್ತಂಭ ಎದುರಿಗೆ ನಿಂತಿತ್ತು. ಬಿಳಿ ಬಣ್ಣ ಅಲ್ಲಲ್ಲಿ ಸುಲಿದು, ಅವರು ಅಂದುಕೊಂಡಿದ್ದಕ್ಕಿಂತ ಕುಳ್ಳಗಿತ್ತು. ಮಾಟೋಲೊ ಹತ್ತಿರ ಹೋಗಿ ಅದರ ಗೋಡೆಗೆ ಅಂಗೈ ಒತ್ತಿ, "ಓ, ನೀನೇನಾ?" ಅಂದಳು. ಅಮ್ಮ ಕಣ್ಣೊರೆಸಿಕೊಂಡಳು.

ಲಿಂಡೆಲ್ವಾ ಬಂಡೆಯ ಅಂಚಿಗೆ ಹೋಗಿ ಕೂತಳು. ಸ್ವಲ್ಪ ಹೊತ್ತಿಗೆ ಸಾಖುಮ್ಜಿ ಬಂದು, ಒಂದು ಮಾರು ದೂರದಲ್ಲಿ ನಿಂತ.

"ಕೂತ್ಕೊಳ್ಲಾ?"

"ಕೂತ್ಕೋ."

ಕೂತ. ಹೆಗಲ ಮೇಲೆ ಪಾತ್ರೆಯ ಮಸಿ ಮೆತ್ತಿತ್ತು.

"ಶನಿವಾರ ಇಳಿತ ಎಷ್ಟು ಗಂಟೆಗಿತ್ತು?" ಅಂತ ಕೇಳಿದಳು, ಕಡಲನ್ನೇ ನೋಡುತ್ತ.

"ಹತ್ತಕ್ಕೆ."

"ಮತ್ತೆ ಯಾಕೆ ಸುಳ್ಳು ಹೇಳ್ದೆ?"

"ವೆಲಿಲೆ ದೊಡ್ಡಪ್ಪನಿಗೆ ಮಾತು ಕೊಟ್ಟಿದ್ದೆ. ನಿಜ ಹೇಳಿದ್ರೆ ಅದು ಮುರೀತಿತ್ತು, ಹೇಳದೇ ಇದ್ರೆ ನೀನು ಹೊರಟುಹೋಗ್ತಿದ್ದೆ. ನಿನ್ನ ಮುಖ ನೋಡಿದ್ರೆ ಬಾಯಿ ಬಿಟ್ಟುಬಿಡ್ತೀನಿ ಅಂತ ಹೆಬ್ಬೆರಳು ನೋಡ್ತಿದ್ದೆ." ಉಸಿರೆಳೆದುಕೊಂಡ. "ತಪ್ಪಾಯ್ತು ಲಿಂಡೆಲ್ವಾ. ಮೂರು ವರ್ಷ ಸಮಯ ಇತ್ತು. ದಿನಾ ದೋಣೀಲಿ ಅಂದ್ಕೊಳ್ತಿದ್ದೆ, ಆಚೆ ದಡ ಬರೋದ್ರೊಳಗೆ ಕೇಳ್ತೀನಿ ಅಂತ. ಹೊಳೆ ಯಾವಾಗ್ಲೂ ಮೊದಲೇ ಮುಗಿದುಹೋಗ್ತಿತ್ತು."

"ನನ್ನ ಬಿಟ್ಟು ಊರಿಗೆಲ್ಲ ಗೊತ್ತಿತ್ತು. ನನಗೆ ಎಷ್ಟು ಅವಮಾನ ಆಯ್ತು ಗೊತ್ತಾ? ನಿಮ್ಮಜ್ಜಂದಿರನ್ನ ನೊಸೀಸಾ ಮನೆಗೆ ಅಂದ್ಕೊಂಡು ಕರ್ಕೊಂಡು ಬಂದೆ. ದಾರಿಯುದ್ದಕ್ಕೂ..." ಅಳಬಾರದು ಅಂದುಕೊಂಡಿದ್ದಳು. ಅತ್ತಳು.

ಅವನು ಹತ್ತಿರ ಸರಿಯಲಿಲ್ಲ. ಕೈಯನ್ನು ಬಂಡೆಯ ಮೇಲೆ, ಇಬ್ಬರ ನಡುವೆ, ಅಂಗೈ ಮೇಲಾಗಿ ಇಟ್ಟ.

"ನಿನ್ನ ಮನೆಯವರನ್ನಲ್ಲ, ನಿನ್ನನ್ನ ಕೇಳ್ತಿದ್ದೀನಿ. ಬೇಡ ಅಂದ್ರೆ ನಾಳೆ ನಾನೇ ಹೋಗಿ ಆ ಮೂವರನ್ನ ವಾಪಸ್ ಕರ್ಕೊಂಡು ಬರ್ತೀನಿ, ಆಮೇಲಿಂದ ನಿನ್ನ ಗುಂಪನ್ನ ಸುಮ್ನೆ ದಾಟಿಸ್ತೀನಿ. ನನ್ನ ಮದುವೆ ಆಗ್ತೀಯಾ?"

ಹಿಂದೆ, ಮೇಲೆ, ದೀಪ ಹತ್ತಿಕೊಂಡಿತು. ಬೆಳಕು ತಲೆಯ ಮೇಲಿಂದ ಹಾದು, ಕತ್ತಲಾಗುತ್ತಿದ್ದ ಕರಾವಳಿಯಗುಂಟ ಎಲ್ವಾಂಡ್ಲೆಯ ಕಡೆ ಹೋಯಿತು. ಅಲ್ಲಿ ಈಗ ದೊಡ್ಡಪ್ಪ ಮೂವರು ಮುದುಕರಿಗೆ ಅಡುಗೆ ಮಾಡಲು ಹೆಣಗುತ್ತಿರಬೇಕು ಅಂತ ನೆನೆದು ಲಿಂಡೆಲ್ವಾಗೆ ಅಳುವಿನ ನಡುವೆಯೇ ನಗು ಬಂತು.

"ಸಮುದ್ರದ ವಿಷಯದಲ್ಲಿ ನನಗೆ ಇನ್ನೊಂದ್ಸಲ ಸುಳ್ಳು ಹೇಳಿದ್ರೆ ನೋಡು."

"ಹೇಳಲ್ಲ."

"ಬೇರೆ ಯಾವ ವಿಷಯದಲ್ಲೂ."

"ಹೇಳಲ್ಲ."

ಅವಳು ತನ್ನ ಕೈಯನ್ನು ಅವನ ಅಂಗೈಯ ಮೇಲಿಟ್ಟಳು. ಅವನು ಅಂಗೈ ಮುಚ್ಚದೆ ಹಾಗೇ ಕೂತಿದ್ದ. ಅಭ್ಯಾಸಬಲ.

"ಹಿಡೀಲಾ?" ಅಂದ.

"ಇಷ್ಟೊತ್ತು ಮತ್ತೇನು ಹೇಳ್ತಿದ್ದೀನಿ ನಾನು!" ಅಂದಳು ಲಿಂಡೆಲ್ವಾ. ಕೋಪದ ಆ ಧ್ವನಿಗೆ ಉಗ್ರಾಣದ ಬಾಗಿಲಲ್ಲಿ ಆರು ಹೆಂಗಸರು ಒಟ್ಟಿಗೆ ನಕ್ಕರು.

ಸೋಮವಾರ ಸಂಜೆ ಅವಳು ಮತ್ತೆ ಚಾಪೆಯ ಮೇಲೆ ಕೂತಳು. ಮುಖ ಬಿಸಿಲಿಗೆ ಕಪ್ಪಾಗಿತ್ತು, ಲಂಗದ ಅಂಚಿನಲ್ಲಿ ಉಪ್ಪಿನ ಗೆರೆ. ದೊಡ್ಡಪ್ಪನ ಎರಡು ಬೆರಳಿಗೆ ಸುಟ್ಟ ಗಾಯಕ್ಕೆ ಬಟ್ಟೆ ಸುತ್ತಿತ್ತು. ಮೂವರು ಮುದುಕರು ಕೋಟು ಹಾಕಿಕೊಂಡು, ಮೊನ್ನೆಗಿಂತ ನೆಟ್ಟಗೆ ಕೂತಿದ್ದರು.

"ಮಗಳೇ, ಈ ಜನ ನಿನಗೆ ಗೊತ್ತಾ?"

"ಗೊತ್ತು ದೊಡ್ಡಪ್ಪ," ಅಂದಳು. "ಈಗ ಗೊತ್ತು."

ವೆಲಿಲೆ ಅಜ್ಜ ಉಸಿರು ಬಿಟ್ಟು ಬಾಟಲಿಯ ಮುಚ್ಚಳಕ್ಕೆ ಕೈ ಹಾಕಿದರು. ಆಮೇಲೆ ಏನೋ ನೆನಪಾಗಿ, ಅವಳ ಕಡೆ ತಿರುಗಿ ಕೇಳಿದರು:

"ತೆಗೀಲಾ?"